ಗೋಡೆಗೊಂದು ಹಣ್ಣಿನ ಬುಟ್ಟಿ

ದೇವರಿಲ್ಲ, ರಾಜನಿಲ್ಲ, ಯುದ್ಧವಿಲ್ಲ. ಮೇಜಿನ ಮೇಲೊಂದು ತಟ್ಟೆ, ಅರ್ಧ ಸುಲಿದ ನಿಂಬೆ, ಒಂದು ಲೋಟ ನೀರು. ಎರಡು ಸಾವಿರ ವರ್ಷಗಳಿಂದ ಮನೆಯ ಗೋಡೆಯನ್ನೇ ನಂಬಿಕೊಂಡು ಬಂದ ಚಿತ್ರ ಪ್ರಕಾರ ‘ಸ್ಟಿಲ್ ಲೈಫ್’. ನಮ್ಮ ಮನೆಗಳಲ್ಲಿ ಅದಕ್ಕೆ ಜಾಗ ಎಲ್ಲಿ?

ಜನವರಿಯ ಭಾನುವಾರ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಇವತ್ತು ವಾಹನಗಳಿಲ್ಲ. ಬೆಳಗಿನ ಚಳಿ ಬಿಡುವ ಮುಂಚೆಯೇ ರಸ್ತೆಯ ಎರಡೂ ಬದಿ ಚಿತ್ರಗಳು ಸಾಲುಗಟ್ಟಿ ನಿಂತಿವೆ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ. ಹಂಪಿಯ ಕಲ್ಲಿನ ರಥ, ಕೊಳಲು ಹಿಡಿದ ಕೃಷ್ಣ, ಓಡುವ ಕುದುರೆಗಳು, ಕಣ್ಣು ಮುಚ್ಚಿದ ಬುದ್ಧ, ಮಳೆಯಲ್ಲಿ ನೆನೆದ ಬೀದಿ. ಇವುಗಳ ನಡುವೆ ಒಂದಡಿ ಅಗಲದ ಪುಟ್ಟ ಕ್ಯಾನ್ವಾಸ್: ಒಂದು ಹಿತ್ತಾಳೆ ಚೊಂಬು, ಎರಡು ಏಲಕ್ಕಿ ಬಾಳೆಹಣ್ಣು, ಮಡಿಚಿಟ್ಟ ಚೌಕುಳಿ ಟವೆಲ್ಲು.

ನಡುವಯಸ್ಸಿನ ಹೆಂಗಸೊಬ್ಬರು ಅದರ ಮುಂದೆ ನಿಂತುಬಿಟ್ಟಿದ್ದಾರೆ. “ರೀ, ಇದು ನೋಡಿ. ಚೊಂಬಿನ ಮೇಲೆ ಬೆಳಕು ಹೇಗೆ ಕೂತಿದೆ!”

“ಚೆನ್ನಾಗೇನೋ ಇದೆ. ಆದ್ರೆ ಎಲ್ಲಿ ಹಾಕ್ತೀಯೇ? ದೇವರ ಪಟ ಅಲ್ಲ, ಊರಿನ ಚಿತ್ರ ಅಲ್ಲ. ಬರೀ ಚೊಂಬು, ಬಾಳೆಹಣ್ಣು.”

ಆ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಮನೆಗಳ ಗೋಡೆಗೆ ಮೊದಲಿಂದಲೂ ಹಕ್ಕುದಾರರಿದ್ದಾರೆ. ದೇವರ ಪಟ, ಗಂಧದ ಹಾರ ಹಾಕಿದ ಹಿರಿಯರ ಫೋಟೊ, ಮದುವೆಯ ಫೋಟೊ, ಕ್ಯಾಲೆಂಡರು. ಇವರ ಸಾಲಿನಲ್ಲಿ ಚೊಂಬಿಗೆ ಯಾವ ಸ್ಥಾನ? ಆದರೆ ಚಿತ್ರಕಲೆಯ ಚರಿತ್ರೆಯನ್ನು ತಿರುವಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ದೇವರ ಚಿತ್ರ ಗುಡಿ–ಚರ್ಚುಗಳಲ್ಲಿ ಬೆಳೆಯಿತು, ದೊರೆಗಳ ಚಿತ್ರ ಅರಮನೆಗಳಲ್ಲಿ. ಹಣ್ಣು, ಹೂವು, ಪಾತ್ರೆಗಳ ಚಿತ್ರ ಬೆಳೆದದ್ದು ಹೆಚ್ಚಾಗಿ ಜನ ಉಂಡು ಮಲಗುವ ಮನೆಗಳಲ್ಲಿ.

ಅತಿಥಿಯ ಪಾಲಿನ ಹಣ್ಣು

ಇಟಲಿಯ ನೇಪಲ್ಸ್ ನಗರದ ಪುರಾತತ್ವ ಸಂಗ್ರಹಾಲಯದಲ್ಲಿ ಗೋಡೆಯಿಂದ ಕತ್ತರಿಸಿ ತೆಗೆದ ಒಂದು ಚಿತ್ರವಿದೆ. ಎಲೆ ಸಮೇತ ಕಿತ್ತ ಹಸಿರು ಪೀಚ್ ಹಣ್ಣುಗಳು, ಪಕ್ಕದಲ್ಲಿ ನೀರು ತುಂಬಿದ ಗಾಜಿನ ಹೂಜಿ. ಗಾಜಿನೊಳಗೆ ನೀರು ಎಲ್ಲಿಗೆ ನಿಂತಿದೆ, ಬೆಳಕು ಎಲ್ಲಿ ಒಡೆದಿದೆ ಎಂಬುದನ್ನು ಕಲಾವಿದ ನಾಲ್ಕೈದು ಬಿಳಿ ಗೆರೆಗಳಲ್ಲಿ ಹಿಡಿದಿದ್ದಾನೆ. ಇದು ಹರ್ಕ್ಯುಲೇನಿಯಂ ಎಂಬ ಊರಿನ ಮನೆಯೊಂದರ ಗೋಡೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ನೆರೆಯ ಪಾಂಪೆಯ ಜೊತೆ ಆ ಊರೂ ಹೂತುಹೋಯಿತು. ಹಣ್ಣು ಬಾಡಲಿಲ್ಲ.

ಪಾಂಪೆಯಲ್ಲಿ ಜೂಲಿಯಾ ಫೆಲಿಕ್ಸ್ ಎಂಬಾಕೆಯ ದೊಡ್ಡ ಮನೆಯಿತ್ತು. ಅದರ ಕೆಲವು ಭಾಗಗಳನ್ನು ಬಾಡಿಗೆಗೆ ಕೊಡುವುದಾಗಿ ಹೊರಗೋಡೆಯ ಮೇಲೆ ಬರೆಸಿದ್ದಳು. ಒಳಗಿನ ಗೋಡೆಯ ಮೇಲಿದ್ದದ್ದು ತಟ್ಟೆ ತುಂಬ ಮೊಟ್ಟೆ, ತೂಗುಬಿಟ್ಟ ಹಕ್ಕಿಗಳು, ಒಂದು ಹೂಜಿ, ಒಂದು ಕೈವಸ್ತ್ರ.

ಇಂಥ ಚಿತ್ರಗಳ ಹುಟ್ಟನ್ನು ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ದಾಖಲಿಸಿದ್ದಾನೆ. ಗ್ರೀಕ್ ಶ್ರೀಮಂತರು ದೂರದಿಂದ ಬಂದ ಅತಿಥಿಗೆ ಮೊದಲ ದಿನ ಊಟ ಹಾಕಿ, ಮರುದಿನದಿಂದ ಅವನ ಬಿಡಾರಕ್ಕೆ ಕೋಳಿ, ಮೊಟ್ಟೆ, ತರಕಾರಿ, ಹಣ್ಣುಗಳನ್ನು ಕಳಿಸಿಕೊಡುತ್ತಿದ್ದರಂತೆ. ಆ ಪದಾರ್ಥಗಳ ಚಿತ್ರಕ್ಕೆ ಬಂದ ಹೆಸರು ‘ಕ್ಸೇನಿಯಾ’, ಅಂದರೆ ಅತಿಥಿಗೆ ಕೊಟ್ಟ ಕೊಡುಗೆ. ಬಂದವರಿಗೆ ಈ ಮನೆಯಲ್ಲಿ ಕೊರತೆಯಿಲ್ಲ ಎಂದು ಗೋಡೆಯೇ ಹೇಳಲಿ ಎಂಬ ಆಸೆ. ಸ್ಟಿಲ್ ಲೈಫ್‌ಗೆ ಇದಕ್ಕಿಂತ ಮರ್ಯಾದೆಯ ಹುಟ್ಟು ಬೇಕೆ?

ಯುರೋಪಿನಾಚೆಗೂ ಈ ಕಣ್ಣು ಇತ್ತು. 13ನೇ ಶತಮಾನದ ಚೀನಾದಲ್ಲಿ ಮೂಕಿ ಎಂಬ ಸನ್ಯಾಸಿ ಬರೀ ಮಸಿಯಲ್ಲಿ ಆರು ಪರ್ಸಿಮನ್ ಹಣ್ಣುಗಳನ್ನು ಬರೆದ. ಮೇಜಿಲ್ಲ, ತಟ್ಟೆಯಿಲ್ಲ, ನೆರಳೂ ಇಲ್ಲ. ಒಂದು ಕಡುಕಪ್ಪು, ಕೆಲವು ಬೂದು, ಎರಡು ಬರಿಯ ಅಂಚುಗೆರೆ. ಅದು ಈಗ ಜಪಾನಿನ ಕ್ಯೋಟೋದ ದೈತೋಕುಜಿ ದೇಗುಲದ ಸೊತ್ತು. ಹಣ್ಣುಗಳ ನಡುವೆ ಬಿಟ್ಟ ಖಾಲಿ ಜಾಗವೇ ಆ ಚಿತ್ರವನ್ನು ಎತ್ತಿ ನಿಲ್ಲಿಸಿದೆ.

> ಸಿಂಹಾಸನದ ಹಿಂದೆ ಪುಸ್ತಕ
> ಕೊರಿಯಾದ ದೊರೆಗಳ ಸಿಂಹಾಸನದ ಹಿಂದೆ ಸೂರ್ಯ, ಚಂದ್ರ, ಪರ್ವತಗಳ ಪರದೆ ಇರುವುದು ವಾಡಿಕೆಯಾಗಿತ್ತು. 1791ರಲ್ಲಿ ಜೊಂಗ್ಜೊ ದೊರೆ ಅದರ ಬದಲು ಪುಸ್ತಕದ ಕಪಾಟಿನ ಚಿತ್ರವಿದ್ದ ಪರದೆಯನ್ನು ಇರಿಸಿದ. ಓದಲು ಬಿಡುವಿಲ್ಲದಾಗ ಈ ಚಿತ್ರವನ್ನಾದರೂ ನೋಡಿ ಸಂತೋಷಪಡುತ್ತೇನೆ ಎಂಬುದು ಅವನ ಭಾವ. ‘ಚೆಕ್‌ಗೊರಿ’ ಎಂಬ ಈ ಬಗೆ ಅರಮನೆಯಿಂದ ಸಾಮಾನ್ಯರ ಮನೆಗಿಳಿಯಿತು. ಅಲ್ಲಿ ಪುಸ್ತಕಗಳ ಪಕ್ಕ ಕಲ್ಲಂಗಡಿ, ದಾಳಿಂಬೆ, ಕನ್ನಡಕ, ಕುಂಚಗಳೂ ಸೇರಿಕೊಂಡವು.

ಭಟ್ಕಳ ಕಂಡವನು ಆಮ್‌ಸ್ಟರ್‌ಡಾಮಿನಲ್ಲಿ

1637ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಭಟ್ಕಳದಲ್ಲಿ ಹಡಗಿಳಿದ. ಅವನಿದ್ದ ತಂಡಕ್ಕೆ ಬೇಕಾಗಿದ್ದದ್ದು ಕರಿಮೆಣಸು. ಅದಕ್ಕಾಗಿ ಘಟ್ಟ ಹತ್ತಿ ಕೆಳದಿಯ ವೀರಭದ್ರ ನಾಯಕನ ರಾಜಧಾನಿ ಇಕ್ಕೇರಿಗೂ ಹೋದರು. ಮಂಡಿ ಕಂಡದ್ದನ್ನೆಲ್ಲ ಬರೆದಿಡುವ, ಬೇಕಾದರೆ ಗೀಚಿಡುವ ಸ್ವಭಾವದವನು.

ಅದೇ ಮನುಷ್ಯ 1640ರಲ್ಲಿ ಆಮ್‌ಸ್ಟರ್‌ಡಾಮಿನ ಬೀದಿಗಳಲ್ಲಿ ಓಡಾಡಿದ. ಅಲ್ಲಿಯ ಜನರ ಚಿತ್ರದ ಹುಚ್ಚು ಅವನನ್ನು ಬೆರಗುಗೊಳಿಸಿತು. ಸಿರಿವಂತರ ಮಾತು ಹಾಗಿರಲಿ, ಕಟುಕರು, ಬ್ರೆಡ್ ಸುಡುವವರು ತಮ್ಮ ಅಂಗಡಿಗಳಲ್ಲಿ ಚಿತ್ರ ಹಾಕಿಕೊಂಡಿದ್ದಾರೆ. ಕಮ್ಮಾರನ ಕುಲುಮೆಯ ಪಕ್ಕದಲ್ಲೂ ಚಮ್ಮಾರನ ಕಟ್ಟೆಯ ಪಕ್ಕದಲ್ಲೂ ಒಂದೊಂದು ಚಿತ್ರವಿದೆ ಎಂದು ಬರೆದ.

ಯಾಕಿಷ್ಟು? ಪ್ರಾಟೆಸ್ಟೆಂಟ್ ಹಾಲೆಂಡಿನ ಚರ್ಚುಗಳು ಗೋಡೆಗೆ ಸುಣ್ಣ ಬಳಿದು ಚಿತ್ರಗಳನ್ನು ಹೊರಗಿಟ್ಟವು. ಕಲಾವಿದರು ಹೊಸ ಗಿರಾಕಿಗಳನ್ನು ಹುಡುಕಬೇಕಾಯಿತು. ಇತ್ತ 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿ ಹಡಗುಗಟ್ಟಲೆ ಸಂಪತ್ತು ತಂದು ಸುರಿಯುತ್ತಿತ್ತು. ದುಡ್ಡಿದ್ದ ವ್ಯಾಪಾರಿಗಳ ಕೈಯಲ್ಲಿ ಮನೆಗಳಿದ್ದವು, ಮನೆಗಳಿಗೆ ಖಾಲಿ ಗೋಡೆಗಳಿದ್ದವು.

ಪೀಟರ್ ಕ್ಲಾಸ್ 1627ರಲ್ಲಿ ಬರೆದ ‘ಟರ್ಕಿ ಕೋಳಿಯ ಕಡುಬು’ ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ಬಿಳಿ ಹಾಸಿನ ಮೇಲೆ ಚೀನಾದ ಪಿಂಗಾಣಿ, ಸಮುದ್ರದ ಶಂಖದಿಂದ ಮಾಡಿದ ಬಟ್ಟಲು, ಸುಲಿದ ಸಿಪ್ಪೆ ಸುರುಳಿಯಾಗಿ ಇಳಿಬಿದ್ದ ನಿಂಬೆ. ಆ ಕಾಲದ ಡಚ್ ಊಟದ ಮೇಜಿನ ಚಿತ್ರಗಳಲ್ಲಿ ಕಾಗದದ ಪೊಟ್ಟಣದಲ್ಲಿ ಸುತ್ತಿಟ್ಟ ಕರಿಮೆಣಸೂ ಕಾಣಸಿಗುತ್ತದೆ. ಆಗ ಡಚ್ಚರು ಮೆಣಸನ್ನು ಬಹುಪಾಲು ಜಾವಾ, ಸುಮಾತ್ರಾಗಳಿಂದ ಕೊಳ್ಳುತ್ತಿದ್ದರು. ಆದರೆ ಆ ಬಳ್ಳಿಯ ತವರು ನಮ್ಮ ಪಶ್ಚಿಮ ಘಟ್ಟ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದದ್ದು ಸುಮ್ಮನೆ ಅಲ್ಲ. ಆ ಪೊಟ್ಟಣವನ್ನು ಕಂಡಾಗಲೆಲ್ಲ ನನಗೆ ಅಡಿಕೆ ಮರ ತಬ್ಬಿದ ಮೆಣಸಿನ ಬಳ್ಳಿ ನೆನಪಾಗುತ್ತದೆ. ದೂರದ ದೇಶದ ಚಿತ್ರವೊಂದು ಹತ್ತಿರದ್ದೆನಿಸಲು ಅಷ್ಟು ಸಾಕು.

ಇದೇ ಡಚ್ಚರು ಮೇಜಿನ ಮೇಲೆ ತಲೆಬುರುಡೆ, ಆರುತ್ತಿರುವ ದೀಪ, ಮರಳಿನ ಗಡಿಯಾರಗಳನ್ನೂ ಇಟ್ಟರು. ಎಲ್ಲವೂ ನಶ್ವರ ಎಂಬ ಎಚ್ಚರಿಕೆ. ಅವರ ಹೂಗುಚ್ಛಗಳನ್ನು ಗಮನವಿಟ್ಟು ನೋಡಿ: ವಸಂತದ ಟ್ಯುಲಿಪ್, ಬೇಸಿಗೆಯ ಗುಲಾಬಿ ಒಂದೇ ಹೂದಾನಿಯಲ್ಲಿವೆ. ತೋಟದಲ್ಲಿ ಹೀಗೆ ಆಗುವುದಿಲ್ಲ. ಒಂದೊಂದು ಹೂವನ್ನು ಅದರದರ ಕಾಲದಲ್ಲಿ ಅಭ್ಯಾಸ ಮಾಡಿಟ್ಟುಕೊಂಡು, ಆಮೇಲೆ ಜೋಡಿಸಿ ಬರೆದದ್ದು.

> ನೋಟಿನ ಮೇಲೆ ಹುಳುಕು ಸೇಬು
> ಇಟಲಿಯ ಕರವಾಜೊ 1599ರ ಸುಮಾರಿಗೆ ಬರೆದ ‘ಹಣ್ಣಿನ ಬುಟ್ಟಿ’ಯಲ್ಲಿ ಎದುರಿಗೇ ಕಾಣುವ ಸೇಬಿಗೆ ಹುಳು ಹಿಡಿದಿದೆ, ಎಲೆಗಳು ಒಣಗಿ ಮುದುಡಿವೆ. ಮಿಲಾನಿನ ಕಾರ್ಡಿನಲ್ ಬೊರೊಮೆಯೊ ಇದನ್ನು ಬಹಳ ಮೆಚ್ಚಿದ್ದರು. ಇಂದಿಗೂ ಅದು ಅವರೇ ಸ್ಥಾಪಿಸಿದ ಆಂಬ್ರೋಸಿಯಾನಾ ಸಂಗ್ರಹಾಲಯದಲ್ಲಿದೆ. ಯೂರೊ ಬರುವ ಮುನ್ನ ಇಟಲಿಯ 1 ಲಕ್ಷ ಲೀರಾ ನೋಟಿನ ಹಿಂಬದಿಯಲ್ಲಿ ಇದೇ ಬುಟ್ಟಿಯಿತ್ತು.

ಕೊನೆಯ ಪಂಕ್ತಿಯವರು

1667ರಲ್ಲಿ ಫ್ರಾನ್ಸಿನ ಕಲಾ ಬರಹಗಾರ ಆಂದ್ರೆ ಫೆಲಿಬಿಯನ್ ಚಿತ್ರಗಳಿಗೆ ಮೇಲುಕೀಳಿನ ಪಟ್ಟಿ ಮಾಡಿದ. ಪುರಾಣ–ಇತಿಹಾಸದ ಚಿತ್ರಗಳು ತುದಿಯಲ್ಲಿ, ಹಣ್ಣು–ಹೂವು–ಚಿಪ್ಪುಗಳ ಚಿತ್ರ ತಳದಲ್ಲಿ. ಆ ಪಟ್ಟಿ ಕಲೆಯ ಲೋಕಕ್ಕೆ ಬಹಳ ಅನ್ಯಾಯ ಮಾಡಿತೆಂದೇ ನನ್ನ ಅನಿಸಿಕೆ. ಆದರೆ ಯಾರೂ ಹೆಚ್ಚು ಕಾವಲಿಡದ ಆ ಕೆಳಗಿನ ಬಾಗಿಲಿನಿಂದಲೇ ಹೆಂಗಸರು ಒಳಗೆ ಬಂದರು.

ನಗ್ನ ರೂಪದರ್ಶಿಯನ್ನು ನೋಡಿ ಬರೆಯುವ ಶಿಕ್ಷಣ ಅವರಿಗೆ ಸಿಗುತ್ತಿರಲಿಲ್ಲ. ಹಾಗಾಗಿ ಇತಿಹಾಸದ ಚಿತ್ರಗಳ ದಾರಿ ಮುಚ್ಚಿತ್ತು. ಮೇಜು, ತಟ್ಟೆ, ಹೂವುಗಳಿಗೆ ಯಾರ ಅಪ್ಪಣೆ ಬೇಕು? ಫ್ಲಾಂಡರ್ಸಿನ ಕ್ಲಾರಾ ಪೀಟರ್ಸ್ 17ನೇ ಶತಮಾನದ ಆರಂಭದಲ್ಲಿ ಚೀಸು, ಮೀನು, ಬಾದಾಮಿ, ಚಿನ್ನದ ಬಟ್ಟಲುಗಳನ್ನು ಬರೆದಳು. 1612ರ ಒಂದು ಚಿತ್ರದಲ್ಲಿ ಬಟ್ಟಲಿನ ಉಬ್ಬುಗಳ ಹೊಳಪಿನಲ್ಲಿ ಅವಳ ಪುಟ್ಟ ಮುಖ ಮತ್ತೆ ಮತ್ತೆ ಮೂಡಿದೆ. ಕೈಯಲ್ಲಿ ಕುಂಚವೂ ಇದೆ. ಕೆಲವು ಚಿತ್ರಗಳಲ್ಲಿ ಬೆಳ್ಳಿ ಚಾಕುವಿನ ಹಿಡಿಯ ಮೇಲೆ ತನ್ನ ಹೆಸರು ಕೆತ್ತಿದಂತೆ ಬರೆದಿದ್ದಾಳೆ. ಇದನ್ನು ಬರೆದವಳು ನಾನು ಎಂದು ಅವಳು ಸಾರಿದ ಬಗೆ ಅದು. ಸ್ಪೇನಿನ ಪ್ರಾಡೊ ಸಂಗ್ರಹಾಲಯ 2016ರಲ್ಲಿ ಮೊದಲ ಬಾರಿಗೆ ಒಬ್ಬ ಕಲಾವಿದೆಗೆಂದೇ ಪ್ರದರ್ಶನ ಏರ್ಪಡಿಸಿದಾಗ ಆ ಗೌರವ ಪಡೆದವಳು ಇವಳೇ.

ಹಾಲೆಂಡಿನ ರಾಕೆಲ್ ರೌಶ್ ಸಸ್ಯವಿಜ್ಞಾನಿಯ ಮಗಳು, ಹತ್ತು ಮಕ್ಕಳ ತಾಯಿ. ಎಂಬತ್ತು ದಾಟಿದ ಮೇಲೂ ಹೂ ಬರೆದಳು, ಮುಪ್ಪಿನ ಚಿತ್ರಗಳಲ್ಲಿ ಸಹಿಯ ಪಕ್ಕ ತನ್ನ ವಯಸ್ಸನ್ನೂ ನಮೂದಿಸಿದಳು.

ಇನ್ನು ಪ್ಯಾರಿಸ್ಸಿನ ಶಾರ್ದೆನ್. 1728ರಲ್ಲಿ ಅವನನ್ನು ಫ್ರಾನ್ಸಿನ ಕಲಾ ಅಕಾಡೆಮಿಗೆ ಸೇರಿಸಿದ ಚಿತ್ರ ‘ತೊರಕೆ ಮೀನು’: ಹೊಟ್ಟೆ ಸೀಳಿ ಕೊಕ್ಕೆಗೆ ತೂಗುಹಾಕಿದ ಮೀನು, ಕೆಳಗೆ ರೋಮ ನಿಗುರಿಸಿ ನಿಂತ ಬೆಕ್ಕಿನ ಮರಿ. ನನಗೆ ಅದಕ್ಕಿಂತ ಇಷ್ಟವಾಗುವುದು ಅವನ ಆಮೇಲಿನ ಕಾಲದ ಒಂದು ಚಿಕ್ಕ ಚಿತ್ರ: ಒಂದು ಲೋಟ ನೀರು, ಮಸಿ ಹಿಡಿದ ಕಾಫಿ ಪಾತ್ರೆ, ಮೂರ್ನಾಲ್ಕು ಬೆಳ್ಳುಳ್ಳಿ. ಅಷ್ಟೇ. ನೋಡುತ್ತಾ ನಿಂತರೆ ಆ ಅಡುಗೆಮನೆಯ ತಂಪು ಮೈಗೆ ತಾಗುತ್ತದೆ.

ಅನೇಕರಿಗೆ ತಿಳಿಯದ ಸಂಗತಿ, ಪ್ಯಾರಿಸ್ಸಿನ ‘ಸಲೋನ್’ ಪ್ರದರ್ಶನದಲ್ಲಿ ಯಾವ ಚಿತ್ರವನ್ನು ಎಲ್ಲಿ ತೂಗುಹಾಕಬೇಕೆಂದು ವರ್ಷಾನುಗಟ್ಟಲೆ ನಿರ್ಧರಿಸುತ್ತಿದ್ದವನೂ ಶಾರ್ದೆನ್ನೇ. ಚಿತ್ರ ಬರೆಯುವಷ್ಟೇ ಅದನ್ನು ಸರಿಯಾದ ಜಾಗದಲ್ಲಿ ಇಡುವುದೂ ಒಂದು ವಿದ್ಯೆ.

ಹಳದಿ ಮನೆಯ ಕೋಣೆ

ಆ ವಿದ್ಯೆಯನ್ನು ಪ್ರೀತಿಯಿಂದ ಮಾಡಿದ ಇನ್ನೊಬ್ಬ ವಿನ್ಸೆಂಟ್ ವ್ಯಾನ್‌ಗೊ. 1888ರಲ್ಲಿ ದಕ್ಷಿಣ ಫ್ರಾನ್ಸಿನ ಆರ್ಲ್ ಊರಿನಲ್ಲಿ ಹಳದಿ ಬಣ್ಣದ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದ. ಗೆಳೆಯ ಪಾಲ್ ಗೊಗ್ಯಾಂ ಬಂದು ಜೊತೆಗಿರುತ್ತಾನೆಂಬ ಕನಸು. ಬರುವವನಿಗಾಗಿ ಗೋಡೆಗಳನ್ನು ಸಿಂಗರಿಸಲು ಆಗಸ್ಟ್ ತಿಂಗಳಲ್ಲಿ ಸೂರ್ಯಕಾಂತಿ ಬರೆಯಲು ಕೂತ. ಹೂವು ಬೇಗ ಬಾಡುತ್ತದೆ, ಒಂದೇ ಉಸಿರಿಗೆ ಮುಗಿಸಬೇಕೆಂದು ಹೊತ್ತು ಹುಟ್ಟುವಾಗಲೇ ಎದ್ದು ಕೆಲಸ ಮಾಡಿದ. ಅವುಗಳಲ್ಲಿ ಎರಡನ್ನು ಗೊಗ್ಯಾಂ ಮಲಗುವ ಕೋಣೆಗೆ ಹಾಕಿದ. ಇಂದು ಒಂದು ಲಂಡನ್ನಿನಲ್ಲಿ, ಇನ್ನೊಂದು ಮ್ಯೂನಿಕ್ಕಿನಲ್ಲಿ ಲಕ್ಷಾಂತರ ಜನರ ಕಣ್ಣು ಸೆಳೆಯುತ್ತಿವೆ. ಹುಟ್ಟಿದ್ದು ಮಾತ್ರ ಒಬ್ಬ ಅತಿಥಿಯ ಕೋಣೆಗಾಗಿ.

ಆ ಸಹವಾಸ ಸುಮಾರು ಎರಡು ತಿಂಗಳಷ್ಟೇ ಬಾಳಿತು. ಮನೆಯೂ 1944ರ ಬಾಂಬ್ ದಾಳಿಯಲ್ಲಿ ಹಾಳಾಗಿ ಹೋಯಿತು. ಚಿತ್ರಗಳಿಗೂ ಒಂದು ಕಾಯಿಲೆಯಿದೆ: ಅವನು ಬಳಸಿದ ಕ್ರೋಮ್ ಹಳದಿ ಬೆಳಕು ತಾಗಿ ನಿಧಾನವಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮನೆಯಲ್ಲಿ ಚಿತ್ರ ಹಾಕುವಾಗ ಬೇಕಾಗುತ್ತದೆ.

ಮುಂದಿನದು ವೇಗದ ಕಥೆ. ಫ್ರಾನ್ಸಿನ ಸೆಜಾನ್ ಸೇಬುಗಳ ಅಡಿಗೆ ನಾಣ್ಯ ಇಟ್ಟು ಓರೆ ಮಾಡಿ, ಒಂದೇ ಮೇಜನ್ನು ಹಲವು ಕೋನಗಳಿಂದ ಕಂಡ. ಪಿಕಾಸೊ 1912ರಲ್ಲಿ ಬೆತ್ತದ ಕುರ್ಚಿಯ ಹೆಣಿಗೆ ಅಚ್ಚಾದ ಮೇಣಬಟ್ಟೆಯನ್ನೇ ಚಿತ್ರಕ್ಕೆ ಅಂಟಿಸಿ ಸುತ್ತ ಹಗ್ಗದ ಚೌಕಟ್ಟು ಹಾಕಿದ. 1962ರಲ್ಲಿ ಆಂಡಿ ವಾರ್ಹಾಲ್ ಸೂಪ್ ಡಬ್ಬಿಗಳ 32 ಚಿತ್ರಗಳನ್ನು ಅಂಗಡಿಯ ಸಾಮಾನಿನಂತೆ ಸಾಲಾಗಿ ಜೋಡಿಸಿ ತೋರಿಸಿದ. ಬಿಹಾರದ ಸುಬೋಧ್ ಗುಪ್ತಾ 2006ರಲ್ಲಿ ಸ್ಟೀಲ್ ಪಾತ್ರೆಗಳನ್ನೇ ಜೋಡಿಸಿ ಆಳೆತ್ತರ ಮೀರಿದ ತಲೆಬುರುಡೆ ಕಟ್ಟಿದ. ಡಚ್ಚರ ಮೇಜಿನ ಬುರುಡೆ ನಮ್ಮ ಅಡುಗೆಮನೆಯ ತಟ್ಟೆ–ಲೋಟಗಳಲ್ಲಿ ಮರುಹುಟ್ಟು ಪಡೆಯಿತು.

ಈ ಗದ್ದಲದ ನಡುವೆ ಒಬ್ಬ ಮನುಷ್ಯ ಮನೆ ಬಿಟ್ಟು ಹೊರಟದ್ದೇ ಅಪರೂಪ. ಇಟಲಿಯ ಬೊಲೊನ್ಯಾದ ಜೋರ್ಜೊ ಮೊರಾಂಡಿ (1890–1964). ಮೂವರು ತಂಗಿಯರ ಜೊತೆ ವಾಸ, ಮಲಗುವ ಕೋಣೆಯೇ ಚಿತ್ರಶಾಲೆ. ಬರೆದದ್ದು ಹೆಚ್ಚಾಗಿ ಬಾಟಲಿ, ಡಬ್ಬ, ಹೂಜಿ. ಹೊಳಪು ಬೇಡವೆಂದು ಬಾಟಲಿಗಳಿಗೆ ಬಣ್ಣ ಬಳಿದ, ಮೇಲೆ ಕೂತ ಧೂಳನ್ನು ಒರೆಸದೆ ಬಿಟ್ಟ, ಎಲ್ಲಿ ನಿಲ್ಲಬೇಕೆಂದು ಮೇಜಿನ ಕಾಗದದ ಮೇಲೆ ಗುರುತು ಹಾಕಿದ. ಅದೇ ಬಾಟಲಿ ಒಂದು ಬೆರಳಷ್ಟು ಸರಿದರೆ ಇನ್ನೊಂದು ಚಿತ್ರ.

ಮೊರಾಂಡಿಯ ಚಿತ್ರಗಳು ಚಿಕ್ಕವು, ಬಣ್ಣ ಮೆತ್ತಗೆ. ಸಂಗ್ರಹಾಲಯದ ಅವಸರದಲ್ಲಿ ಅವು ದಕ್ಕುವುದಿಲ್ಲ. ಬೆಳಿಗ್ಗೆ ಒಂದು ಬಗೆ, ದೀಪ ಹಚ್ಚಿದ ಮೇಲೆ ಇನ್ನೊಂದು ಬಗೆ ಕಾಣುವ ಚಿತ್ರಗಳವು. ಅಂಥ ಚಿತ್ರದ ಜೊತೆ ವರ್ಷಗಟ್ಟಲೆ ಬದುಕಬೇಕು. ಸ್ಟಿಲ್ ಲೈಫ್ ಮನೆಯ ಚಿತ್ರ ಎನ್ನಲು ನನಗಿರುವ ಬಲವಾದ ಕಾರಣ ಇದೇ.

ನಮ್ಮ ಗೋಡೆ, ನಮ್ಮ ಪಾತ್ರೆ

ವಸ್ತುಗಳನ್ನು ಜೋಡಿಸಿ ಕಣ್ತುಂಬ ನೋಡುವುದು ನಮಗೆ ಹೊಸದಲ್ಲ. ತುಳುನಾಡಿನ ಬಿಸು ಹಬ್ಬದ ಕಣಿಯಲ್ಲಿ ತೆಂಗಿನಕಾಯಿ, ಅಕ್ಕಿ, ಸೌತೆಕಾಯಿ, ಮಾವು, ಗೇರುಹಣ್ಣು, ಚಿನ್ನ, ಕನ್ನಡಿಗಳನ್ನು ಇಟ್ಟು, ಬೆಳಿಗ್ಗೆ ಎದ್ದ ಕೂಡಲೇ ಅದನ್ನೇ ಮೊದಲು ನೋಡುತ್ತಾರೆ. ಆ ನೋಟವೇ ಪುಣ್ಯ. ಹಾಗೆ ಜೋಡಿಸಿದ್ದನ್ನು ಬರೆದು ಗೋಡೆಗೆ ಏರಿಸುವ ಅಭ್ಯಾಸ ಮಾತ್ರ ನಮ್ಮಲ್ಲಿ ಬೇರೂರಲಿಲ್ಲ. ಕಲಾಶಾಲೆಯ ತರಗತಿಯಲ್ಲಿ ಹೂಜಿ, ಹಣ್ಣು, ಮಡಿಕೆ ಬಿದ್ದ ಬಟ್ಟೆ ಇಟ್ಟು ಬರೆಸುವ ಪಾಠವಾಗಿಯೇ ಸ್ಟಿಲ್ ಲೈಫ್ ಬಹುಮಂದಿಗೆ ಪರಿಚಯ. ಅದು ಪಾಠಕ್ಕಷ್ಟೇ ನಿಂತುಬಿಡಬಾರದು.

ಹಾಗಾದರೆ ಎಲ್ಲಿ ಹಾಕುವುದು? ಹಾಲಿನ ಸೋಫಾದ ಮೇಲಿನ ದೊಡ್ಡ ಗೋಡೆ ಮೊದಲು ನೆನಪಿಗೆ ಬರುತ್ತದೆ. ನನ್ನ ಮಾತು ಕೇಳಿದರೆ ಅದು ಬೇಡ. ಚಿಕ್ಕ ಚಿತ್ರ ಅಲ್ಲಿ ಕಳೆದುಹೋಗುತ್ತದೆ, ಸೋಫಾದಲ್ಲಿ ಕೂತವರಿಗೆ ಕಾಣುವುದೂ ಇಲ್ಲ. ಊಟದ ಮೇಜಿನ ಎದುರು, ಓದುವ ಕುರ್ಚಿಯ ಪಕ್ಕ, ನಡುಮನೆಯಿಂದ ಅಡುಗೆಮನೆಗೆ ಹೋಗುವ ಕಿರುಗೋಡೆ, ಮೆಟ್ಟಿಲ ತಿರುವು ಒಳ್ಳೆಯ ಜಾಗಗಳು. ದಿನಕ್ಕೆ ನಾಲ್ಕು ಸಲ ಹಾದುಹೋಗುವ, ಎರಡು ನಿಮಿಷ ಕೂರುವ ಕಡೆ ಇರಲಿ.

ಎತ್ತರದ ವಿಷಯದಲ್ಲಿ ನಾವು ಸಾಮಾನ್ಯವಾಗಿ ಎಡವುತ್ತೇವೆ. ದೇವರ ಪಟವನ್ನು ಮೇಲೆ ಹಾಕಿ ರೂಢಿಯಾಗಿ ಎಲ್ಲವನ್ನೂ ಮೇಲೆ ಹಾಕುತ್ತೇವೆ. ಸಂಗ್ರಹಾಲಯಗಳು ಚಿತ್ರದ ನಡುಭಾಗ ನೆಲದಿಂದ ಸುಮಾರು 57ರಿಂದ 60 ಅಂಗುಲ ಎತ್ತರಕ್ಕೆ ಬರುವಂತೆ ನೋಡಿಕೊಳ್ಳುತ್ತವೆ. ಅದು ನಿಂತು ನೋಡುವವರ ಲೆಕ್ಕ. ಕೂತು ನೋಡುವ ಕಡೆ ಇನ್ನೂ ಕೆಳಗಿಳಿಸಿ. ಮೇಜಿನ ಮೇಲಿನ ವಸ್ತುಗಳ ಚಿತ್ರ ಮೇಜಿನ ಎತ್ತರಕ್ಕೆ ಹತ್ತಿರವಾದಷ್ಟೂ ನಿಜವೆನಿಸುತ್ತದೆ.

ಸುತ್ತ ಖಾಲಿ ಜಾಗ ಬಿಡಿ. ಜಪಾನಿನ ಮನೆಗಳ ‘ತೊಕೊನೊಮಾ’ ಎಂಬ ಗೂಡಿನಲ್ಲಿ ಒಂದು ಹೊತ್ತಿಗೆ ಒಂದೇ ಚಿತ್ರ, ಋತು ಬದಲಾದಂತೆ ಅದೂ ಬದಲು. ಎರಡು ಮೂರು ಚಿತ್ರಗಳಿದ್ದರೆ ಒಂದನ್ನು ಹಾಕಿ ಉಳಿದವನ್ನು ಬೀರುವಿನಲ್ಲಿಟ್ಟು, ಯುಗಾದಿಗೊಂದು ದಸರಾಕ್ಕೊಂದು ಎಂದು ತೆಗೆದು ಹಾಕಿ ನೋಡಿ. ಹಳೆಯ ಚಿತ್ರ ಹೊಸದಾಗಿ ಬರುತ್ತದೆ.

> ಮೊಳೆ ಹೊಡೆಯುವ ಮುನ್ನ
> ಕಿಟಕಿಯ ನೇರ ಬಿಸಿಲು ಬೀಳುವ ಗೋಡೆ ಬೇಡ. ಜಲವರ್ಣಕ್ಕಂತೂ ಬಿಸಿಲೇ ಶತ್ರು. ಮಲೆನಾಡು, ಕರಾವಳಿಯಲ್ಲಿ ಮಳೆ ಹೊಡೆಯುವ ಹೊರಗೋಡೆಗೆ ಚಿತ್ರ ಹಾಕಿದರೆ ಗಾಜಿನೊಳಗೆ ಬೂಷ್ಟು ಖಚಿತ. ಒಳಗೋಡೆಗೆ ಹಾಕಿ. ಚೌಕಟ್ಟಿನ ಹಿಂದೆ ಕೆಳಮೂಲೆಗಳಿಗೆ ಪುಟ್ಟ ಕಾರ್ಕ್ ಬಿಲ್ಲೆ ಅಂಟಿಸಿದರೆ ಗಾಳಿಯಾಡುತ್ತದೆ. ಕಾಗದದ ಮೇಲಿನ ಚಿತ್ರಕ್ಕೆ ಗಾಜು ಬೇಕು, ಗಾಜಿಗೂ ಚಿತ್ರಕ್ಕೂ ನಡುವೆ ಆಮ್ಲರಹಿತ ಮೌಂಟ್ ಇರಲಿ. ಕ್ಯಾನ್ವಾಸ್ ಮೇಲಿನ ತೈಲವರ್ಣಕ್ಕೆ ಸಾಮಾನ್ಯವಾಗಿ ಗಾಜು ಬೇಡ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಒಣ ಮೆತ್ತನೆ ಬ್ರಷ್ ಸಾಕು. ಒಗ್ಗರಣೆಯ ಜಿಡ್ಡು, ಊದುಬತ್ತಿಯ ಹೊಗೆ ತಲುಪದಷ್ಟು ದೂರವಿರಲಿ.

ಚೌಕಟ್ಟಿನ ವಿಷಯದಲ್ಲಿ ಕಟ್ಟು ಹಾಕುವ ಅಂಗಡಿಯವರು ಅಗಲ ಬಂಗಾರದ ಪಟ್ಟಿಯನ್ನೇ ಮುಂದಿಡುತ್ತಾರೆ. ವ್ಯಾನ್‌ಗೊ ತನ್ನ ಸೂರ್ಯಕಾಂತಿಗೆ ಬಯಸಿದ್ದು ಕಿತ್ತಳೆ ಬಣ್ಣ ಬಳಿದ ತೆಳು ಮರದ ಪಟ್ಟಿ. ಚೊಂಬಿನ ಚಿತ್ರಕ್ಕೆ ತೇಗದ ತೆಳು ಅಂಚು ಒಪ್ಪುತ್ತದೆ. ಚೌಕಟ್ಟು ಮೊದಲು ಕಣ್ಣಿಗೆ ಬಿದ್ದರೆ ಅದನ್ನು ಬದಲಿಸಿ.

ದೊಡ್ಡವರ ಮೂಲಚಿತ್ರ ನಮ್ಮ ಕೈಗೆಟುಕದು. ಶಾರ್ದೆನ್ನಿನ ಒಳ್ಳೆಯ ಮುದ್ರಿತ ಪ್ರತಿ ಹಾಕುವುದರಲ್ಲಿ ತಪ್ಪೇನಿಲ್ಲ. ಆದರೂ ಚಿತ್ರಸಂತೆಯಲ್ಲಿ ನೂರಿನ್ನೂರು ರೂಪಾಯಿಗಳ ಪುಟ್ಟ ಕೆಲಸವೂ ಸಿಗುವಾಗ, ಕುಂಚದ ಗುರುತು ಉಳಿದ ಒಂದು ಚಿತ್ರವನ್ನೇ ಕೊಳ್ಳಿ ಎನ್ನುತ್ತೇನೆ. ಬಣ್ಣದ ದಪ್ಪ, ತಿದ್ದಿದ ಗೆರೆ ಅಚ್ಚಿನಲ್ಲಿ ಬರುವುದಿಲ್ಲ. ಇಲ್ಲವೇ ಪರಿಚಯದ ಕಲಾವಿದರಿಗೆ ನಿಮ್ಮ ಮನೆಯ ವಸ್ತುಗಳನ್ನೇ ಕೊಟ್ಟು ಬರೆಸಿ: ಅಜ್ಜಿಯ ಕಡೆಗೋಲು, ಉಪ್ಪಿನಕಾಯಿಯ ಭರಣಿ, ಅಡಕತ್ತರಿ, ಬಿದಿರ ಮೊರ. ಮಿಕ್ಸಿ, ಕುಕ್ಕರು, ಹಾಲಿನ ಪ್ಯಾಕೆಟ್ಟೂ ಆಗಬಹುದು, ಡಚ್ಚರಿಗೆ ಚೀನಾದ ಪಿಂಗಾಣಿ ಅಂದಿನ ಹೊಸ ಸಾಮಾನೇ ಆಗಿತ್ತು.

ಕೊಂಡ ದಿನವೇ ಕಲಾವಿದರಿಂದ ಒಂದು ಕೆಲಸ ಮಾಡಿಸಿಕೊಳ್ಳಿ. ಚಿತ್ರದ ಹಿಂಬದಿಯಲ್ಲಿ ಅವರ ಹೆಸರು, ಊರು, ವರ್ಷ, ಬಳಸಿದ ಬಣ್ಣ ಯಾವುದು ಎಂದು ಪೆನ್ಸಿಲ್ಲಿನಲ್ಲಿ ಬರೆಸಿ. ಮನೆಯ ವಸ್ತುವನ್ನು ಬರೆಸಿದ್ದರೆ ಅದು ಯಾರದು, ಯಾವ ಊರಿನ ಮನೆಯಿಂದ ಬಂದದ್ದು ಎಂಬುದನ್ನೂ ಸೇರಿಸಿ. ಶಾಯಿಪೆನ್ನು ಬೇಡ, ಅದು ಕಾಗದದ ಈಚೆಗೆ ಇಳಿಯುತ್ತದೆ.